ಎರಡನೆಯ ಒಲೆ

ನಮ್ಮ ಊರಿನಲ್ಲಿ ಯಾರ ಬಾಯಲ್ಲೂ ‘ಹ’ ಹೊರಡುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಬ್ಬ ಅಬ್ಬವಾಗುತ್ತಿತ್ತು, ಹುರುಳಿ ಉಳ್ಳಿಯಾಗುತ್ತಿತ್ತು, ಹಸು ಅಸುವಾಗುತ್ತಿತ್ತು. ಯಲಹಂಕದಿಂದ ಕೋಗಿಲಿನ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುತ್ತಿದ್ದ, ನಲವತ್ತು ಮನೆಗಳೂ ಇಲ್ಲದ ಊರು. ಅಲ್ಲಿಂದ ಯಲಹಂಕದ ಹೈಸ್ಕೂಲಿಗೆ ನಡೆದುಕೊಂಡು ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅಲ್ಲಿನ ಕನ್ನಡ ಮೇಷ್ಟ್ರು ಸುತ್ತಲಿನ ಹಳ್ಳಿಗಳಿಂದ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಳ್ಳಲು ಹೇಳಿ ‘ಹ’ ಅನ್ನಿಸುತ್ತಿದ್ದರು. ಅಂಗೈಗೆ ಬಿಸಿ ಉಸಿರು ತಾಕಿದರೆ ಪಾಸು. “ಹಸು ಅಂದರೆ ದನ. ಅಸು ಅಂದರೆ ಪ್ರಾಣ. ಹಸು ತಪ್ಪಿಸಿಕೊಂಡರೆ ಹುಡುಕಿ ತರಬಹುದು, ಅಸು ಹೋದರೆ ಎಲ್ಲಿಂದ ತರ್ತೀರಿ?” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಮನೆಗೆ ಹೋಗಿ ಅಭ್ಯಾಸ ಮಾಡುತ್ತಿದ್ದವಳು ನಾನು ಮಾತ್ರ.

ಎಸ್ಸೆಸ್ಸೆಲ್ಸಿ ಪಾಸಾಗುವ ಹೊತ್ತಿಗೆ ನನ್ನ ‘ಹ’ ಮನೆಯವರಿಗೆಲ್ಲ ತಲೆನೋವಾಗಿತ್ತು. “ಅಮ್ಮ, ಆಲು ಅಲ್ಲ, ಹಾಲು” ಎಂದು ತಿದ್ದುತ್ತಿದ್ದೆ. “ಕುಡಿಯೋಳಿಗೆ ಯಾವ್ದಾದ್ರೇನು” ಎಂದು ಅಮ್ಮ ಲೋಟ ಕುಕ್ಕುತ್ತಿದ್ದಳು. ಬೇಸರ ಮಾಡಿಕೊಳ್ಳದವನೆಂದರೆ ಚಿಕ್ಕಪ್ಪ. ನನ್ನನ್ನು ‘ಮೇಷ್ಟ್ರಮ್ಮ’ ಎಂದೇ ಕರೆಯುತ್ತಿದ್ದ. ಬೇಕೆಂದೇ ಹೆಸರಿಗೆ ಎಸರು ಅಂದು, ನಾನು ತಿದ್ದುವುದನ್ನು ಕಾಯುತ್ತಿದ್ದ.

ಚಿಕ್ಕಪ್ಪ ದ್ರಾಕ್ಷಿಬಳ್ಳಿ ಕತ್ತರಿಸುವುದರಲ್ಲಿ ಹೆಸರು ಮಾಡಿದವನು. ಆಗ ಯಲಹಂಕದಿಂದ ದೇವನಹಳ್ಳಿಯವರೆಗೆ ರಸ್ತೆಯ ಎರಡೂ ಕಡೆ ನೀಲಿ ದ್ರಾಕ್ಷಿಯ ಚಪ್ಪರಗಳೇ ಇದ್ದವು. ಬೆಳೆ ಮುಗಿದ ಮೇಲೆ ಬಳ್ಳಿಯನ್ನು ಕತ್ತರಿಸಬೇಕು. ಪ್ರತಿ ಕಡ್ಡಿಯ ಮೇಲೂ ಚಿಗುರೊಡೆಯುವ ಸಣ್ಣ ಗಂಟುಗಳಿರುತ್ತವೆ, ಅವಕ್ಕೆ ಕಣ್ಣು ಎನ್ನುತ್ತಾರೆ. ಯಾವ ಕಡ್ಡಿಯಲ್ಲಿ ಎಷ್ಟು ಕಣ್ಣು ಉಳಿಸಬೇಕು ಎನ್ನುವುದರಲ್ಲಿ ಇಡೀ ವರ್ಷದ ಬೆಳೆ ನಿಂತಿರುತ್ತದೆ. ಚಿಕ್ಕಪ್ಪ ಕಡ್ಡಿಯ ಮೇಲೆ ಹೆಬ್ಬೆರಳು ಎಳೆದು, ನೋಡದೆಯೇ ಕತ್ತರಿ ಆಡಿಸುತ್ತಿದ್ದ. ಮೂರನೆಯ ತರಗತಿಗೇ ಶಾಲೆ ಬಿಟ್ಟವನನ್ನು ಸುತ್ತಲಿನ ಊರಿನ ದೊಡ್ಡ ತೋಟದವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ನಮ್ಮದೇ ತೋಟ ಊರಿನ ತೆಂಕಣ ದಿಕ್ಕಿಗಿತ್ತು. ಸಣ್ಣದು, ಆದರೆ ಅವನ ಕೈಯಿಂದಾಗಿ ತುಂಬಾ ಕಾಯುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಆ ದಿಕ್ಕಿನ ಜಮೀನನ್ನೆಲ್ಲ ಕಾರ್ಖಾನೆಗೆ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂತು, ಹಿಂದೆಯೇ ಕಾಗದವೂ ಬಂತು. ಕರೆಂಟ್ ಮೀಟರ್ ಮಾಡುವ ಕಾರ್ಖಾನೆ. ಊರಿನ ಹಿರಿಯರು ಒಂದೆರಡು ದಿನ ಕೂಗಾಡಿದರು. ಆಮೇಲೆ, ಜಮೀನು ಕೊಟ್ಟ ಮನೆಗೊಂದು ಕೆಲಸ ಕೊಡುತ್ತಾರೆ ಎಂದು ಗೊತ್ತಾದಾಗ ಕೂಗಾಟ ನಿಂತು ಲೆಕ್ಕಾಚಾರ ಶುರುವಾಯಿತು. ಮನೆ ಅಂದರೇನು? ಒಂದೇ ಸೂರಿನ ಕೆಳಗೆ ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ ಅದು ಒಂದು ಮನೆಯೋ ನಾಲ್ಕೋ? ಯಾರೋ ಯಲಹಂಕಕ್ಕೆ ಹೋಗಿ ವಿಚಾರಿಸಿಕೊಂಡು ಬಂದರು. ರೇಷನ್ ಕಾರ್ಡಿಗೆ ಹೇಗೋ ಇದಕ್ಕೂ ಹಾಗೇ: ಎಷ್ಟು ಒಲೆಯೋ ಅಷ್ಟು ಮನೆ.

ಆ ವಾರ ನಮ್ಮ ಊರಿನಲ್ಲಿ ಎದ್ದ ಹೊಗೆಯನ್ನು ನಾನು ಮತ್ತೆಂದೂ ನೋಡಲಿಲ್ಲ. ಮೇಲಿನ ಬೀದಿಯ ಮನೆಯೊಂದರಲ್ಲಿ ನಾಲ್ವರು ಅಣ್ಣತಮ್ಮಂದಿರು ಅಂಗಳದ ನಾಲ್ಕು ಮೂಲೆಗೆ ನಾಲ್ಕು ಒಲೆ ಹೂಡಿಕೊಂಡರು. ನಾಲ್ಕನೆಯ ಒಲೆಗೆ ಪಾತ್ರೆ ಸಾಲದೆ ನಮ್ಮ ಮನೆಯ ತಪ್ಪಲೆಯನ್ನೇ ಕೇಳಿ ತೆಗೆದುಕೊಂಡು ಹೋದರು. ಅದರಲ್ಲಿ ಬರೀ ನೀರು ಕುದಿಯುತ್ತಿತ್ತು ಎಂದು ಆ ಮನೆಯ ಕಿರಿಯ ಸೊಸೆಯೇ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಕ್ಕಳು. ಇನ್ನೊಂದು ಕಡೆ ಹತ್ತು ವರ್ಷದಿಂದ ಮುಖ ನೋಡದ ಅಣ್ಣತಮ್ಮಂದಿರು ಸೇರಿಕೊಂಡು ತಾವು ಹೇಗೆ ಬೇರೆಯಾಗಿದ್ದೇವೆ ಎನ್ನುವುದನ್ನು ಒಬ್ಬರಿಗೊಬ್ಬರು ಬಾಯಿಪಾಠ ಮಾಡಿಸಿದರು.

ನಮ್ಮ ಅಜ್ಜಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಗಂಡ ಸತ್ತ ಮನೆ ಒಡೆಯುತ್ತದೆ ಎಂದು ಊರೆಲ್ಲ ಕಾಯುತ್ತಿದ್ದಾಗ ಒಡೆಯದೆ ನಿಲ್ಲಿಸಿದ್ದಳು. ಅಪ್ಪ, ಅಮ್ಮ, ನಾನು, ಚಿಕ್ಕಪ್ಪ, ಚಿಕ್ಕಮ್ಮ, ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಎಲ್ಲರಿಗೂ ಒಂದೇ ಒಲೆಯಲ್ಲಿ ಮುದ್ದೆ ಬೇಯುತ್ತಿತ್ತು. ಅದು ಅವಳ ಬದುಕಿನ ಸಂಪಾದನೆ. “ಕೆಲ್ಸಕ್ಕೋಸ್ಕರ ಒಲೆ ಒಡೀತಾರಾ? ತೂ” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಅಪ್ಪ ಎದುರಾಡಲಿಲ್ಲ. ಅಪ್ಪ ಅಜ್ಜಿಗೆ ಯಾವತ್ತೂ ಎದುರಾಡಿದವನಲ್ಲ.

ಎದುರಾಡದೆಯೇ ದಾರಿ ಹುಡುಕಿದವಳು ಚಿಕ್ಕಮ್ಮ. ಒಲೆ ಎಣಿಸಲು ಸರ್ಕಾರದ ಗುಮಾಸ್ತರು ಬರುವ ಹಿಂದಿನ ದಿನ ಅವಳು ಅಮ್ಮನನ್ನು ಹಿತ್ತಿಲಿಗೆ ಕರೆದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಇದ್ದೇ ಇದ್ದವು, ಹಸುವಿಗೆ ಆಗೀಗ ಹುರುಳಿ ಬೇಯಿಸುತ್ತಿದ್ದುದು ಅಲ್ಲೇ. ಅದನ್ನೇ ಸಾರಿಸಿ, ಒಂದು ಮಡಕೆ ಇಟ್ಟು ಉರಿ ಹಚ್ಚುತ್ತೇನೆ, ಗುಮಾಸ್ತರು ಹೊಗೆ ನೋಡಿ ಕೇಳಿದರೆ ನಮ್ಮ ಒಲೆ ಅನ್ನುತ್ತೇನೆ, ಅತ್ತೆಗೆ ಆಮೇಲೆ ಕಾಲು ಹಿಡಿದರಾಯಿತು ಎನ್ನುವುದು ಅವಳ ಯೋಚನೆ. ಅಮ್ಮ ಹೂಂ ಅಂದಳು. ನಮ್ಮ ಮನೆಗೆ ಎರಡು ಕೆಲಸ ಬಂದರೆ ಯಾರಿಗೆ ಬೇಡ? ನನಗೂ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಎಷ್ಟೋ ಜನರಿಗೆ ನನಗೆ ಗೊತ್ತಿರಲಿಲ್ಲ ಎಂದು ಹೇಳಿದ್ದೇನೆ.

ಗುಮಾಸ್ತರು ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಬಂದರು. ಬಿಳಿ ಷರಟು, ಸೈಕಲ್ಲು, ಬಗಲಲ್ಲಿ ರಟ್ಟಿನ ಫೈಲು. ಒಳ್ಳೆಯ ಮನುಷ್ಯ. ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ನಾನು ಎಸ್ಸೆಸ್ಸೆಲ್ಸಿ ಎಂದು ತಿಳಿದು ಕಾಗದವನ್ನು ನನ್ನ ಕೈಗೇ ಕೊಟ್ಟು, “ನಾನು ಕೇಳ್ತಾ ಹೋಗ್ತೀನಿ, ನೀನೇ ಬರಿಯಮ್ಮ, ನಿನ್ನ ಅಕ್ಷರ ನೋಡೋಣ” ಎಂದರು. ನನಗೆ ಆನಂದವೋ ಆನಂದ. ಅಜ್ಜಿ ಬಾಗಿಲಲ್ಲಿ ಕೂತಿದ್ದಳು. ಚಿಕ್ಕಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಚಿಕ್ಕಮ್ಮ ಕೊಟ್ಟಿಗೆಯ ಕಡೆಯ ಬಾಗಿಲಲ್ಲಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ.

“ಎಷ್ಟು ಒಲೆ ಅಜ್ಜಿ?” ಎಂದು ಕೇಳಿದರು.

“ಒಂದೇ ಒಲೆ ಕಣಪ್ಪ,” ಎಂದಳು ಅಜ್ಜಿ. “ನಾನಿರೋಗಂಟ ಒಂದೇ ಒಲೆ.”

ಗುಮಾಸ್ತರು ಬರೆಯಬೇಡ ಎಂದು ನನಗೆ ಕೈಸನ್ನೆ ಮಾಡಿದರು. ಆಮೇಲೆ ಮೆತ್ತಗೆ, “ಯೋಚ್ನೆ ಮಾಡಿ ಹೇಳಿ ಅಜ್ಜಿ. ಈ ಊರಲ್ಲಿ ಎಲ್ರೂ ಮೂರು ನಾಲ್ಕು ಅಂತಿದ್ದಾರೆ” ಎಂದರು. ಅಜ್ಜಿ ತಲೆ ಅಲ್ಲಾಡಿಸಲಿಲ್ಲ. ಆಗ ಅವರು ಕುತ್ತಿಗೆ ಚಾಚಿ ಕೊಟ್ಟಿಗೆಯ ಕಡೆ ನೋಡಿದರು. ಹೆಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು.

“ಮತ್ತೆ ಅಲ್ಲಿ ಉರೀತಿದೆಯಲ್ಲ, ಅದು ಬೇರೆ ಒಲೆ ಅಲ್ವಾ?”

ಹೌದು ಎಂದಿದ್ದರೆ ಸಾಕಾಗಿತ್ತು. ಅವರು ಬಾಗಿಲು ತೆರೆದು ಹಿಡಿದಿದ್ದರು. ಚಿಕ್ಕಮ್ಮ ಬಾಯಿ ತೆರೆದಿದ್ದಳು, ಅವಳ ತುಟಿ ಅಲ್ಲಾಡಿದ್ದು ನನಗೆ ಈಗಲೂ ಕಾಣುತ್ತದೆ. ಅವಳಿಗಿಂತ ಮುಂಚೆ ನಾನು ಹೇಳಿದೆ: “ಅದು ಒಲೆಯಲ್ಲ ಸರ್. ಹಸುವಿಗೆ ಹುರುಳಿ ಬೇಯಿಸುತ್ತಿದ್ದಾರೆ.”

ಎರಡು ‘ಹ’. ಎರಡೂ ಸ್ಪಷ್ಟ. ಅಂಗೈ ಹಿಡಿದಿದ್ದರೆ ಎರಡು ಸಲ ಬಿಸಿ ತಾಕುತ್ತಿತ್ತು.

ಗುಮಾಸ್ತರು ನನ್ನನ್ನೇ ನೋಡಿದರು. “ಚೆನ್ನಾಗಿ ಮಾತಾಡ್ತೀಯಮ್ಮ,” ಎಂದರು. “ಸರಿ, ಒಂದು ಅಂತ ಬರ್ಕೋ.” ನಾನು ಗುಂಡಗಿನ ಅಕ್ಷರದಲ್ಲಿ ‘ಒಲೆ: ಒಂದು’ ಎಂದು ಬರೆದೆ. ಅಜ್ಜಿ ಕೆಳಗೆ ಹೆಬ್ಬೆಟ್ಟು ಒತ್ತಿದಳು. ತಲೆಯೆತ್ತಿದಾಗ ಚಿಕ್ಕಮ್ಮ ಬಾಗಿಲಲ್ಲಿ ಇರಲಿಲ್ಲ.

ಯಾಕೆ ಹಾಗೆ ಹೇಳಿದೆ? ಅಜ್ಜಿಯ ಮುಖ ಉಳಿಸಲು ಎಂದು ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಸರ್ಕಾರದ ಕಾಗದದ ಮುಂದೆ ಸುಳ್ಳು ಹೇಳಿದರೆ ಪೊಲೀಸರು ಬರುತ್ತಾರೆ ಎಂದು ಹೆದರಿದ್ದೆ ಎಂದೂ ಅಂದುಕೊಂಡಿದ್ದೆ. ಎರಡರಲ್ಲೂ ಕಾಳಷ್ಟು ನಿಜವಿರಬಹುದು. ಆದರೆ ನಾಚಿಕೆ ಬಿಟ್ಟು ಹೇಳುವುದಾದರೆ, ಪೇಟೆಯಿಂದ ಬಂದ ಓದಿದ ಮನುಷ್ಯರೊಬ್ಬರ ಮುಂದೆ ನನಗೆ ಬರುವ ಕನ್ನಡವನ್ನು ತೋರಿಸಬೇಕಿತ್ತು, ಅಷ್ಟೇ. ಬಾಯಲ್ಲಿ ಚೆಂದದ ವಾಕ್ಯವೊಂದು ಸಿದ್ಧವಾಗಿತ್ತು, ಅದನ್ನು ಬಿಟ್ಟುಬಿಟ್ಟೆ. ಅದರ ಕೆಳಗೆ ಚಿಕ್ಕಪ್ಪನ ಕೆಲಸ ಸಿಕ್ಕಿಕೊಂಡಿತ್ತು ಎನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲೇ ಇರಲಿಲ್ಲ.

ಮೇಲಿನ ಬೀದಿಯ ನಾಲ್ಕು ಒಲೆಗೆ ನಾಲ್ಕು ಕೆಲಸ ಬಂತು. ಒಬ್ಬ ಸ್ಟೋರಿಗೆ, ಒಬ್ಬ ಕ್ಯಾಂಟೀನಿಗೆ, ಇಬ್ಬರು ಹೆಲ್ಪರುಗಳಾಗಿ. ಕೆಲಸದ ಕಾಗದ ಕೈಗೆ ಬಂದ ದಿನವೇ ಅವರ ಮನೆಯಲ್ಲಿ ಮತ್ತೆ ಒಂದೇ ಒಲೆ ಉರಿಯಿತು, ನಮ್ಮ ತಪ್ಪಲೆ ತೊಳೆದು ವಾಪಸು ಕೊಟ್ಟರು. ನಮ್ಮ ಮನೆಗೆ ಬಂದದ್ದು ಒಂದು. ಎಸ್ಸೆಸ್ಸೆಲ್ಸಿ ಆದವರಿದ್ದರೆ ಮೀಟರ್ ಜೋಡಿಸುವ ವಿಭಾಗಕ್ಕೆ, ಇಲ್ಲದಿದ್ದರೆ ಹೆಲ್ಪರ್. ಅಪ್ಪನಿಗೆ ವಯಸ್ಸು ಮೀರಿತ್ತು. ಹಾಗಾಗಿ ಚಿಕ್ಕಪ್ಪ, ಇಲ್ಲವೇ ನಾನು.

ಅಪ್ಪ ನ್ಯಾಯವಾಗಿಯೇ ಹೇಳಿದ: “ಅವಳು ನಾಳೆ ಮದ್ವೆ ಆಗಿ ಓಗೋಳು. ಕೆಲ್ಸ ಅವಳ ಜತೆ ಓಗ್ತೈತೆ. ತಮ್ಮ, ನೀನೇ ಓಗು.”

ಚಿಕ್ಕಪ್ಪ ನಕ್ಕ. “ಕಸ ಗುಡಿಸೋಕೆ ನಾನ್ಯಾಕೆ ಓಗ್ಲಿ? ನನ್ ಕೈಯಾಗೆ ಕತ್ರಿ ಐತೆ. ಇಲ್ಲಿಂದ ದೇವನಳ್ಳಿಗಂಟ ಬಳ್ಳಿ ಐತೆ. ಮೇಷ್ಟ್ರಮ್ಮ ಓಗ್ಲಿ ಬಿಡಣ್ಣ. ಅವಳು ಓದಿರೋದು ಯಾಕೆ?”

ಚಿಕ್ಕಮ್ಮ ಹಸುವಿಗೆ ನೀರು ತೋರಿಸಬೇಕು ಎಂದು ಎದ್ದು ಹೋದಳು.

ಹೀಗೆ ನಾನು ಕೆಲಸಕ್ಕೆ ಸೇರಿದೆ. ಬಿಳಿ ಕೋಟು, ಎತ್ತರದ ಸ್ಟೂಲು, ಕೈಯಲ್ಲಿ ಸಣ್ಣ ಚಿಮುಟ. ಮೀಟರಿನೊಳಗೆ ಒಂದು ತೆಳ್ಳನೆಯ ಅಲ್ಯುಮಿನಿಯಮ್ ತಟ್ಟೆ ಇರುತ್ತದೆ, ಕರೆಂಟ್ ಹರಿದಾಗ ತಿರುಗುವುದು ಅದೇ. ಅದನ್ನು ಸೂಜಿಮೊನೆಯಷ್ಟು ಸಣ್ಣ ಆಧಾರದ ಮೇಲೆ ಕೂರಿಸಿ, ಊದಿದರೆ ತಿರುಗುವಂತೆ ಮಾಡಬೇಕು. ಊದುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ತರಬೇತಿಯ ವರ್ಷ ಮುಗಿದ ಕೂಡಲೇ ಪರ್ಮನೆಂಟ್ ಆಯಿತು. ಆಮೇಲೆ ಸೀನಿಯರ್, ಆಮೇಲೆ ಒಂದು ಬೆಂಚಿನ ಹತ್ತು ಹುಡುಗಿಯರ ಕೆಲಸ ತಪಾಸಣೆ ಮಾಡುವವಳು. ನನ್ನ ಬೆಂಚು ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಾಚೆ ಹುಲ್ಲುಹಾಸು. ಮೊದಲ ಕೆಲವು ತಿಂಗಳು ಆ ಹುಲ್ಲಿನಲ್ಲಿ ನಮ್ಮ ಬಾವಿ ಎಲ್ಲಿತ್ತು, ಚಪ್ಪರದ ಕಲ್ಲುಕಂಬ ಎಲ್ಲಿತ್ತು ಎಂದು ಗುರುತು ಹಿಡಿಯಲು ನೋಡುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ. ಕಷ್ಟವಾಗುತ್ತಿತ್ತು.

ಪಕ್ಕದ ಸ್ಟೂಲಿನಲ್ಲಿ ಗದಗದ ಕಡೆಯ ಹೆಂಗಸೊಬ್ಬಳು ಕೂರುತ್ತಿದ್ದಳು. ಗಂಡನಿಗೆ ಪೀಣ್ಯದಲ್ಲಿ ಕೆಲಸ, ಗೊರಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ, ಅಲ್ಲಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ನನ್ನ ಮಾತು ಕೇಳಿ, “ನೀ ಹಳ್ಳ್ಯಾಕಿ ಅಂತ ಗೊತ್ತಾಗೂದೇ ಇಲ್ಲ ನೋಡವಾ, ಪುಸ್ತಕ ಓದಿಧಂಗ ಮಾತಾಡ್ತಿ” ಎನ್ನುತ್ತಿದ್ದಳು. ಮೊದಲಾಗಿದ್ದರೆ ಹಿಗ್ಗುತ್ತಿದ್ದೆ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ಹೊಗೆಯ ಕಥೆಯನ್ನು ಹೇಳಿದೆ, ನನಗೆ ಗೊತ್ತಿತ್ತು ಎನ್ನುವುದನ್ನು ಬಿಟ್ಟು. ಅವಳು ರೊಟ್ಟಿ ಮುರಿಯುತ್ತಾ, “ನೀ ಏನ್ ಸುಳ್ಳ ಹೇಳಿಯೇನು? ಖರೇ ಅಂತ ತಿಳಕೊಂಡ ಹೇಳಿದಿ. ಬಿಡ” ಎಂದಳು. ಬಿಟ್ಟುಬಿಡಬಹುದು ಎಂದು ನನಗೂ ಅನ್ನಿಸಿತು. ಅರ್ಧ ಹೇಳಿದ ತಪ್ಪಿಗೆ ಸಿಗುವ ಸಮಾಧಾನವೂ ಅರ್ಧವೇ ಎಂದು ಸಂಜೆ ಮನೆಗೆ ನಡೆಯುವಾಗ ಗೊತ್ತಾಯಿತು.

ಮನೆಯಲ್ಲಿ ನನ್ನ ಸ್ಥಾನ ಬದಲಾಯಿತು. ನಾನು ಬರುವ ಹೊತ್ತಿಗೆ ಬಿಸಿನೀರು, ನನ್ನ ಮುದ್ದೆಗೆ ಹೆಚ್ಚು ತುಪ್ಪ. ಅಮ್ಮ ಅದನ್ನು ಕಾಣುವಂತೆಯೇ ಬಡಿಸುತ್ತಿದ್ದಳು. ಚಿಕ್ಕಮ್ಮ ತನ್ನ ಮಕ್ಕಳನ್ನು ಆ ಕಡೆ ತಿರುಗಿಸಿ ಕೂರಿಸುತ್ತಿದ್ದಳು. ತೋಟ ಇದ್ದಾಗ ಎಲ್ಲರ ದುಡಿಮೆಯೂ ಒಂದೇ ಮಣ್ಣಿಗೆ ಹೋಗುತ್ತಿತ್ತು, ಯಾರದೆಷ್ಟು ಎಂದು ಕೇಳುವಂತಿರಲಿಲ್ಲ. ಈಗ ಅನ್ನಕ್ಕೆ ನನ್ನ ಹೆಸರಿತ್ತು. ಮೂರು ವರ್ಷಕ್ಕೆ ಸರಿಯಾಗಿ ಚಿಕ್ಕಮ್ಮ ಕೊಟ್ಟಿಗೆಯ ಮೂಲೆಯ ಅದೇ ಮೂರು ಕಲ್ಲಿನ ಮೇಲೆ ತನ್ನ ಮಡಕೆ ಇಟ್ಟಳು. ಈ ಸಲ ಯಾವ ಗುಮಾಸ್ತರಿಗೂ ತೋರಿಸಲು ಅಲ್ಲ. ಅಜ್ಜಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನದಿಂದ ಬೆಳಿಗ್ಗೆ ನಮ್ಮ ಒಲೆಯಲ್ಲಿ, ಸಂಜೆ ಅವರ ಒಲೆಯಲ್ಲಿ ಉಣ್ಣತೊಡಗಿದಳು. ಬೀದಿಯಲ್ಲಿ ಯಾರಾದರೂ ಕೇಳಿದರೆ, ಬೇಸಿಗೆ ಸೆಕೆ, ಒಳಗೆ ಹೊಗೆಯಾಗುತ್ತದೆ ಎನ್ನುತ್ತಿದ್ದಳು.

ಚಿಕ್ಕಪ್ಪನ ಕತ್ತರಿಗೆ ಕೆಲಸ ಕಡಿಮೆಯಾಗುತ್ತಾ ಬಂತು. ಒಂದೊಂದು ತೋಟ ಮಾರಾಟವಾದಾಗಲೂ ಅವನಿಗೆ ಹೋಗಿ ಬರುವ ದಾರಿ ಉದ್ದವಾಗುತ್ತಿತ್ತು. ಹೆಬ್ಬಾಳದ ಕಡೆಯದು ಮೊದಲು ಹೋಯಿತು, ಆಮೇಲೆ ಕೋಡಿಗೇಹಳ್ಳಿಯ ಕಡೆಯದು, ಆಮೇಲೆ ನಮ್ಮ ಸುತ್ತಿನದು. ಬಳ್ಳಿ ಕಿತ್ತು ಸೈಟು ಮಾಡಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ ಒಂದು ಬೆಳಿಗ್ಗೆ ಚಿಮುಟ ಹಿಡಿದು ತಲೆಯೆತ್ತಿದೆ, ಕಿಟಕಿಯಾಚೆ ಬೇಲಿಗಿಡದ ಸಾಲಿನ ಮುಂದೆ ಚಿಕ್ಕಪ್ಪ ನಿಂತಿದ್ದ. ಕಾಂಟ್ರಾಕ್ಟರನ ಕಡೆಯಿಂದ ಮಾಲಿ ಕೆಲಸಕ್ಕೆ ಬಂದಿದ್ದ. ನನಗೆ ಹೇಳಿರಲಿಲ್ಲ. ಕೈಯಲ್ಲಿದ್ದ ತಟ್ಟೆ ಬಿದ್ದು ಬಗ್ಗಿತು. ಅದು ನನ್ನ ಕೈಯಿಂದ ಹಾಳಾದ ಮೊದಲ ತಟ್ಟೆ.

ಅವನು ದೊಡ್ಡ ಕತ್ತರಿ ಹಿಡಿದು ಬೇಲಿಯನ್ನು ಸಮನಾಗಿ ಕತ್ತರಿಸುತ್ತಿದ್ದ. ಬೇಲಿಗಿಡಕ್ಕೆ ಕಣ್ಣು ಲೆಕ್ಕ ಬೇಕಿಲ್ಲ, ಮೇಲೆ ಬಂದದ್ದನ್ನೆಲ್ಲ ಸವರಬೇಕು ಅಷ್ಟೆ. ಆದರೂ ಅವನು ಒಂದೊಂದು ಕಡ್ಡಿಯ ಮೇಲೂ ಹೆಬ್ಬೆರಳು ಎಳೆಯುತ್ತಿದ್ದ. ಸೂಪರ್‌ವೈಸರ್ ಬಂದು, “ಏನಪ್ಪಾ, ತಲೆ ಬಾಚ್ತಾ ಇದ್ದೀಯಾ? ಬೇಗ ಬೇಗ ಮುಗ್ಸು” ಎಂದದ್ದು ಗಾಜಿನ ಈ ಕಡೆಗೂ ಕೇಳಿಸಿತು. ಊಟದ ಹೊತ್ತಿಗೆ ನಾನು ಹೊರಗೆ ಹೋದೆ. “ಕ್ಯಾಂಟೀನಿಗೆ ಬಾ ಚಿಕ್ಕಪ್ಪ” ಎಂದೆ. ಕಾಂಟ್ರಾಕ್ಟ್‌ನವರಿಗೆ ಕ್ಯಾಂಟೀನ್ ಇಲ್ಲ ಎನ್ನುವುದನ್ನು ಮರೆತಿದ್ದೆ. ಅವನು ಬುತ್ತಿ ತೋರಿಸಿ, “ಐತೆ, ನೀನೋಗು, ನಿನ್ ಕೋಟು ಕೊಳೆ ಆಗ್ತೈತೆ” ಎಂದ.

ಅಷ್ಟರಲ್ಲಿ ನನಗೆ ಮದುವೆಯಾಗಿ ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಅಪ್ಪ ಅಂದಂತೆ ಕೆಲಸ ನನ್ನ ಜೊತೆಯಲ್ಲೇ ಬೇರೆ ಮನೆಗೆ ಹೋಯಿತು. ನಾನು ಫ್ಯಾಕ್ಟರಿ ಬಸ್ಸಿನಲ್ಲಿ ಬರುತ್ತಿದ್ದೆ, ಅವನು ಊರಿನಿಂದ ನಡೆದು ಬರುತ್ತಿದ್ದ. ಗೇಟಿನಲ್ಲಿ ಇಬ್ಬರಿಗೂ ಬೇರೆ ಬೇರೆ ಸಾಲು. ನನ್ನ ಸಾಲು ಬೇಗ ಸರಿಯುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಯೂನಿಯನ್‌ನವರ ಗಲಾಟೆಯಿಂದಾಗಿ ಕಾಂಟ್ರಾಕ್ಟಿನವರಲ್ಲಿ ಕೆಲವರನ್ನು ಪರ್ಮನೆಂಟ್ ಮಾಡುತ್ತಾರೆ ಎಂದಾಯಿತು. ಜಮೀನು ಕೊಟ್ಟೂ ಕೆಲಸ ಸಿಗದ ಕುಟುಂಬದವರಿಗೆ ಮೊದಲ ಅವಕಾಶ. ಆ ಸುದ್ದಿ ಬೋರ್ಡಿನಲ್ಲಿ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಇಳಿಸಲು ಒಂದು ಜಾಗ ಸಿಕ್ಕಿತು ಎಂದುಕೊಂಡೆ. ಚಿಕ್ಕಪ್ಪನ ಅರ್ಜಿಯನ್ನು ನಾನೇ ಬರೆದೆ. ಒಂದು ತಿಂಗಳಾದ ಮೇಲೆ ಪರ್ಸನೆಲ್ ಆಫೀಸಿನಿಂದ ನನಗೆ ಕರೆ ಬಂತು.

ಅಲ್ಲಿನ ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿದರು. “ಅರ್ಜಿ ಹಾಕಿರೋರು ನಿಮ್ಮ ಚಿಕ್ಕಪ್ಪ ಅಲ್ವಾ? ನಿಮ್ಮ ಕುಟುಂಬಕ್ಕೆ ಆಗ್ಲೇ ಒಂದು ಕೆಲ್ಸ ಕೊಟ್ಟಾಗಿದೆಯಲ್ಲಮ್ಮ. ನಿಮಗೇ ಕೊಟ್ಟಿರೋದು.”

“ಅವರು ಬೇರೆ ಕುಟುಂಬ ಸರ್. ಬೇರೆ ಒಲೆ. ಬೇಕಾದರೆ ಬಂದು ನೋಡಿ.”

“ಈಗ ಬೇರೆ ಇರಬಹುದು. ಜಮೀನು ಕೊಟ್ಟಾಗ?” ಎಂದು ಅವರು ಹಳೆಯ ರಟ್ಟಿನ ಫೈಲು ಬಿಚ್ಚಿ, ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಶಾಯಿ ಮಾಸಿತ್ತು. ‘ಒಲೆ: ಒಂದು.’ ಗುಂಡಗಿನ ಅಕ್ಷರ, ತಪ್ಪಿಲ್ಲ, ಚಿತ್ತಿಲ್ಲ. “ಯಾರು ಬರೆದದ್ದೋ, ಎಷ್ಟು ಚೆನ್ನಾಗಿದೆ ನೋಡಿ. ಇದನ್ನ ನಾನು ಹೇಗೆ ಅಲ್ಲ ಅನ್ನಲಿ?” ಎಂದರು. ನಾನು ಬರೆದದ್ದು ಎನ್ನಲು ಬಾಯಿ ಬರಲಿಲ್ಲ. ಅವತ್ತು ಬೇಡದಾಗ ಅಷ್ಟು ಸಲೀಸಾಗಿ ಬಂದ ಮಾತು ಇವತ್ತು ಬೇಕಾದಾಗ ಬರಲಿಲ್ಲ.

ಅಲ್ಲಿಂದ ನೇರವಾಗಿ ಬೇಲಿಯ ಹತ್ತಿರ ಹೋದೆ. ಚಿಕ್ಕಪ್ಪ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ. ಕೆಲಸ ಆಗಲಿಲ್ಲ ಎಂದು ಹೇಳಿದೆ. ಯಾಕೆ ಎಂದೂ ಹೇಳಿದೆ. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದೆ: ಆ ಹೊಗೆ ಚಿಕ್ಕಮ್ಮ ಬೇಕೆಂದೇ ಎಬ್ಬಿಸಿದ್ದು ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹುರುಳಿ ಎಂದೆ, ಗುಮಾಸ್ತರಿಗೆ ನನ್ನ ಕನ್ನಡ ತೋರಿಸಲು ಹಾಗೆಂದೆ. ಬಿಳಿ ಕೋಟಿನಲ್ಲೇ ಮಣ್ಣಿನ ಮೇಲೆ ಕೂತು ಅತ್ತೆ.

ಅವನು ಕಳೆ ಕೀಳುವುದನ್ನು ನಿಲ್ಲಿಸಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಕ್ಕ, ಹಳೆಯ ನಗೆ.

“ಅಯ್ಯೋ ಪೆದ್ದಿ. ನೀನು ಸುಳ್ಳೆಲ್ಲೇಳಿದೆ? ಆ ಮಡಕೇಲಿದ್ದಿದ್ದು ಉಳ್ಳೀನೇ ಕಣಮ್ಮ. ನಿಮ್ ಚಿಕ್ಕಮ್ಮಂಗೆ ಬೇರೆ ಒಲೆ ಮೇಲೆ ಅನ್ನ ಇಡೋಕೆ ಕೈ ಬರ್ಲಿಲ್ಲ. ಮನೆ ಒಡೆದಂಗೆ ಆಗ್ತೈತೆ ಅಂತ ಎದ್ರಿ, ಉಳ್ಳಿ ಆಕಿದ್ಲು. ನೀನೇಳಿದ್ದು ನಿಜಾನೇ. ಏಳು, ಕೋಟೆಲ್ಲ ಮಣ್ಣು.”

“ನಿಜವಾ ಚಿಕ್ಕಪ್ಪ?”

“ನಿನ್ನಾಣೆ.”

ಎಷ್ಟು ಹಗುರಾದೆ ಎಂದರೆ, ಅವನಿಗೆ ಕೆಲಸ ತಪ್ಪಿದ್ದು ಆ ಕ್ಷಣಕ್ಕೆ ಮರೆತೇಹೋಯಿತು. ಇದನ್ನು ಬರೆಯುವಾಗ ನನ್ನ ಮೇಲೇ ಹೇಸಿಗೆಯಾಗುತ್ತದೆ. ಆವತ್ತು ಬೆಂಚಿಗೆ ವಾಪಸು ಹೋಗಿ ಗದಗದ ಗೆಳತಿಗೆ, ನಾನು ಹೇಳಿದ್ದು ನಿಜವೇ ಆಗಿತ್ತಂತೆ ಎಂದು ಹೇಳಿದೆ. “ನಾ ಹೇಳಿದ್ದಿಲ್ಲೇನ?” ಎಂದು ಅವಳು ನಕ್ಕಳು.

ಅದೇ ವರ್ಷ ಕಾಂಟ್ರಾಕ್ಟರ್ ಬದಲಾದ. ಹೊಸಬ ತನ್ನ ಕಡೆಯವರನ್ನು ತಂದ. ಚಿಕ್ಕಪ್ಪ ಹಳೆಯ ಕತ್ತರಿಗೆ ಎಣ್ಣೆ ಹಚ್ಚಿ, ಮೊದಲ ಬಸ್ಸಿಗೆ ದೇವನಹಳ್ಳಿಯಾಚೆಗೆ ಹೋಗಿ ಬಳ್ಳಿ ಕತ್ತರಿಸತೊಡಗಿದ. ಎರಡು ಹಂಗಾಮು ನಡೆಯಿತು. ಆಮೇಲೆ ಕೈ ನಡುಗಲು ಶುರುವಾಯಿತು. ಉಳಿಸಬೇಕಾದ ಕಣ್ಣನ್ನೇ ಕತ್ತರಿಸಿದ ಎಂದು ತೋಟದವರೊಬ್ಬರು ಹೇಳಿ ಕಳಿಸಿದರು. ಅದಾದ ಮೇಲೆ ಅವನು ಕತ್ತರಿ ಮುಟ್ಟಲಿಲ್ಲ. ಹೆಬ್ಬಾಳದ ಹತ್ತಿರ ಕಟ್ಟುತ್ತಿದ್ದ ಮನೆಗಳಿಗೆ ಕಾವಲುಗಾರನಾದ. ಸಿಮೆಂಟ್ ಮೂಟೆ ಕಾಯುವುದು, ಗೋಡೆಗೆ ನೀರು ಹೊಡೆಯುವುದು. ಅವನು ನೀರು ಹೊಡೆಯುತ್ತಿದ್ದ ಗೋಡೆಗಳಲ್ಲಿ ಕೆಲವು ಹಿಂದೆ ಅವನೇ ಕತ್ತರಿಸುತ್ತಿದ್ದ ತೋಟಗಳ ಮೇಲೆ ಎದ್ದಂಥವು. ಮೇಲಿನ ಬೀದಿಯ ನಾಲ್ವರಲ್ಲಿ ಒಬ್ಬ ಅಷ್ಟರಲ್ಲಿ ಸ್ಟೋರ್ ಇನ್‌ಚಾರ್ಜ್ ಆಗಿದ್ದ, ಇನ್ನೊಬ್ಬ ಅಂಥದ್ದೇ ಮನೆಯೊಂದನ್ನು ಕಟ್ಟಿಸುತ್ತಿದ್ದ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಅಪ್ಪ ಕೊಟ್ಟಿಗೆಯನ್ನು ಕೆಡವಿ ಬಾಡಿಗೆಗೆ ಎರಡು ಕೋಣೆ ಕಟ್ಟಿಸಲು ಹೊರಟ. ಅಜ್ಜಿ ತೀರಿಕೊಂಡಿದ್ದಳು, ದನಗಳೂ ಇರಲಿಲ್ಲ. ಒಂದು ಭಾನುವಾರ ಊರಿಗೆ ಹೋದಾಗ ಚಿಕ್ಕಮ್ಮ ಒಬ್ಬಳೇ ಕೊಟ್ಟಿಗೆಯ ಸಾಮಾನು ಹೊರಗೆ ಹಾಕುತ್ತಿದ್ದಳು. ನಾನೂ ಸೀರೆ ಎತ್ತಿ ಕಟ್ಟಿ ಸೇರಿಕೊಂಡೆ. ನಮ್ಮಿಬ್ಬರ ನಡುವೆ ಬೇಕಾದಷ್ಟು ಮಾತು ಮಾತ್ರ ಇದ್ದ ಕಾಲ ಅದು. ಮೂಲೆಯಲ್ಲಿ ಆ ಮೂರು ಕಲ್ಲುಗಳಿದ್ದವು, ಮಸಿ ಕಟ್ಟಿ. ಒಂದನ್ನು ಎತ್ತಿಕೊಂಡಾಗ ನನಗೇಕೋ ಧೈರ್ಯ ಬಂತು. ಇಷ್ಟು ವರ್ಷ ಅವಳು ಮಾತು ಬಿಗಿಹಿಡಿದದ್ದು ನಾನು ಸುಳ್ಳು ಹೇಳಿದೆ ಎಂದಲ್ಲವೆ, ಈಗ ಅದೂ ಇಲ್ಲವಲ್ಲ ಎಂದುಕೊಂಡೆ.

“ಚಿಕ್ಕಮ್ಮ, ಅವತ್ತು ನೀನು ಈ ಒಲೆ ಮೇಲೆ ನಿಜವಾಗ್ಲೂ ಹುರುಳಿನೇ ಬೇಯಿಸಿದ್ದೆಯಂತೆ? ಚಿಕ್ಕಪ್ಪ ಹೇಳಿದ.”

ಅವಳು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು.

“ನಿಮ್ ಚಿಕ್ಕಪ್ಪ ಅಂಗಂದ್ರಾ?”

“ಆಣೆ ಮಾಡಿ ಹೇಳಿದ.”

ಚಿಕ್ಕಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ನನ್ನ ಕೈಯಿಂದ ಕಲ್ಲನ್ನು ತೆಗೆದುಕೊಂಡು ಉಳಿದ ಎರಡರ ಪಕ್ಕದಲ್ಲಿ ಇಟ್ಟಳು. ಸಿಟ್ಟಿನಿಂದಲ್ಲ, ಸಾಮಾನು ಅದರದರ ಜಾಗಕ್ಕೆ ಇಡುವ ಹಾಗೆ.

“ಅಕ್ಕಿ ಕಣೆ ಅದು,” ಎಂದಳು. “ಯುಗಾದಿ ಅಬ್ಬಕ್ಕೆ ಅಂತ ಎತ್ತಿಟ್ಟಿದ್ದ ಅಕ್ಕಿ. ಆಫೀಸ್ನೋರು ಮುಚ್ಚಳ ತೆಗೆದು ನೋಡಿದ್ರೂ ನಂಬ್ಲಿ ಅಂತ ಅನ್ನಾನೇ ಇಟ್ಟಿದ್ದೆ.”

“ಆಮೇಲೆ?” ಎಂದೆ.

“ಆಮೇಲೇನು. ನಿಮ್ಮಜ್ಜಿ ಕೊಟ್ಟಿಗೆ ಬಾಗಿಲಿಗೆ ಬಂದು ನೋಡ್ತಾ ನಿಂತಿದ್ರು. ನೀನು ಉಳ್ಳಿ ಅಂದ್ಮೇಲೆ ಅದು ಉಳ್ಳೀನೇ. ಮಡಕೆ ಇಳಿಸ್ಕೊಂಡೋಗಿ ಅಸುಗೆ ಆಕ್ದೆ.”